ಕನ್ನಡಕದ ನಂಬರ್ ಏರಿಸುವ ಮೊದಲು ದೀಪ ಇಳಿಸಿ

(ಸಾಗರದಲ್ಲಿ ಕೆತ್ತನೆ ಕೆಲಸದವರು, ಬಡಗಿಗಳು ಮತ್ತು ನಿವೃತ್ತಿಯ ನಂತರ ಉಳಿ ಹಿಡಿದ ಕೆಲವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮೂಗಿನ ಮೇಲೆ ಕನ್ನಡಕ ಕಾಣುತ್ತಿದೆ. ಉಳಿದವರ ಜೇಬಿನಲ್ಲಿ ಇರಬೇಕು. ಚಾಳೀಸು ಬಂದ ಮೇಲೆ ಕುಸುರಿ ಕೆಲಸದವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಕನ್ನಡಕದ ನಂಬರ್ ಏರಿಸುತ್ತಾರೆ, ಇಲ್ಲದಿದ್ದರೆ ಮೇಲಿನ ಬಲ್ಬ್ ತೆಗೆದು ಇನ್ನೂ ದೊಡ್ಡದು ಹಾಕಿಸುತ್ತಾರೆ. ನಾನು ಹೇಳುವುದು, ಈ ಎರಡಕ್ಕೂ ಮೊದಲು ದೀಪವನ್ನು ಕೆಳಗೆ ಇಳಿಸಿ, ಒಂದು ಪಕ್ಕಕ್ಕೆ ಸರಿಸಿ ನೋಡಿ. ಇವತ್ತಿನ ಮಾತು ಹೆಚ್ಚುಕಡಿಮೆ ಇದರ ಸುತ್ತಲೇ ಇರುತ್ತದೆ.

ಮೊದಲು ಕಣ್ಣಿಗೆ ಏನಾಗುತ್ತದೆ ನೋಡೋಣ. ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಮಸೂರ ಸ್ವಲ್ಪ ಉಬ್ಬಬೇಕು. ವಯಸ್ಸಾದಂತೆ ಅದು ಗಟ್ಟಿಯಾಗಿ ಉಬ್ಬುವುದನ್ನು ಬಿಡುತ್ತದೆ. ಹತ್ತು ವರ್ಷದ ಮಗು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೂ ಓದುತ್ತದೆ. 50ರ ಹೊತ್ತಿಗೆ ಅದೇ ಪುಸ್ತಕ ಸುಮಾರು ಅರ್ಧ ಮೀಟರ್ ದೂರ ಹೋಗಿರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಕನ್ನಡಕ ಸರಿಮಾಡುವುದೂ ಇದನ್ನೇ.

ಕನ್ನಡಕ ಸರಿಮಾಡದ ಎರಡು ಬದಲಾವಣೆಗಳಿವೆ. ಅವುಗಳ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಒಂದು, ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಎರಡೂ ಸೇರಿ, 20 ವರ್ಷದವರ ಕಣ್ಣಿನ ಪರದೆಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 60 ವರ್ಷದವರ ಪರದೆಗೆ ಮುಟ್ಟುತ್ತದೆ. ಕೆಲಸ ಕಲಿಯಲು ಬಂದ ಹುಡುಗ 'ಬೆಳಕು ಸಾಕಲ್ಲ ಮಾವ' ಅಂದರೆ ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಸಾಕು, ನಿಮಗೆ ಅದರ ಮೂರು ಪಟ್ಟು ಬೇಕು.

ಎರಡನೆಯದು ಇದಕ್ಕೆ ಅಡ್ಡ ನಿಲ್ಲುತ್ತದೆ. ಹಳೆಯ ಮಸೂರ ಒಳಗೆ ಬಂದ ಬೆಳಕನ್ನು ಚದುರಿಸುತ್ತದೆ. ಬಲ್ಬ್ ನೇರ ಕಣ್ಣಿಗೆ ಬಿದ್ದರೆ ಎದುರಿಗಿರುವ ಕೆಲಸದ ಮೇಲೆ ತೆಳ್ಳಗೆ ಮಂಜು ಕವಿದ ಹಾಗಾಗುತ್ತದೆ. ಅಂದರೆ ವಯಸ್ಸಾದ ಕಣ್ಣಿಗೆ ಬೆಳಕು ಜಾಸ್ತಿ ಬೇಕು, ಆದರೆ ಅದೇ ಬೆಳಕನ್ನು ನೇರ ನೋಡಿದರೆ ತಡೆಯಲು ಆಗುವುದಿಲ್ಲ. ಸುಮ್ನೆ ದೊಡ್ಡ ಬಲ್ಬ್ ಹಾಕಿದರೆ ಕೆಲಸ ಆಗದೇ ಇರುವುದು ಇದಕ್ಕೇ. ಬೆಳಕು ಕೆಲಸದ ಮೇಲೆ ಬೀಳಬೇಕು, ಬಲ್ಬ್ ಮಾತ್ರ ನಿಮಗೆ ಕಾಣಬಾರದು.

ಒಳ್ಳೆಯ ಬೆಳಕಿನಿಂದ ಇನ್ನೊಂದು ಲಾಭವೂ ಇದೆ. ಬೆಳಕು ಹೆಚ್ಚಾದಂತೆ ಪಾಪೆ ಇನ್ನೂ ಕಿರಿದಾಗುತ್ತದೆ. ಕಿರಿದಾದ ಕಿಂಡಿಯಿಂದ ನೋಡಿದರೆ ನಂಬರ್ ಸ್ವಲ್ಪ ತಪ್ಪಿದ್ದರೂ ಚಿತ್ರ ಚೂಪಾಗಿ ಕಾಣುತ್ತದೆ. ಮಧ್ಯಾಹ್ನ ಅಂಗಳಕ್ಕೆ ಬಂದು ಕನ್ನಡಕ ಇಲ್ಲದೆಯೇ ಸೂಜಿಗೆ ದಾರ ಪೋಣಿಸುವ ಅಜ್ಜಿಯರನ್ನು ನೋಡಿದ್ದೀರಲ್ವಾ? ಅವರು ಮಾಡುತ್ತಿರುವುದು ಇದನ್ನೇ. ಆಗ ಬೆಳಕೇ ಅರ್ಧ ಕನ್ನಡಕ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಒಂದೇ ಸೂತ್ರ. ದೀಪಕ್ಕೂ ಕೆಲಸಕ್ಕೂ ಇರುವ ದೂರ ಅರ್ಧ ಮಾಡಿದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಕಾಲು ಭಾಗ ಮಾಡಿದರೆ ಹದಿನಾರು ಪಟ್ಟು.

ಮನೆಗಳಲ್ಲಿ ಹಾಕುವ 9 ವ್ಯಾಟ್ ಎಲ್‌ಇಡಿ ಬಲ್ಬ್ ತೆಗೆದುಕೊಳ್ಳಿ. ನೀವು ನೆಲದ ಮೇಲೆ ಕೂತು ಕೆತ್ತುತ್ತೀರಿ, ಬಲ್ಬ್ ನಿಮ್ಮ ಕೆಲಸದಿಂದ 2 ಮೀಟರ್ ಮೇಲೆ ತೂಗುತ್ತಿದೆ ಅಂದುಕೊಳ್ಳಿ. ಗೋಡೆ, ಮಾಡಿನಿಂದ ವಾಪಸ್ ಬರುವ ಬೆಳಕನ್ನು ಬಿಟ್ಟರೆ ಕೆಲಸದ ಮೇಲೆ ಬೀಳುವುದು ಸುಮಾರು 25 ಲಕ್ಸ್. ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಕುಸುರಿ ಕೆಲಸಕ್ಕೆ 750ರಿಂದ 1000 ಲಕ್ಸ್ ಬೇಕು ಅನ್ನುವುದು ಬೆಳಕಿನ ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ನಿಮ್ಮ ಹತ್ತಿರ ಇರುವುದು 25. ಬಲ್ಬನ್ನು 18 ವ್ಯಾಟ್ ಮಾಡಿದರೆ 50 ಆಗುತ್ತದೆ, ಅಷ್ಟೇ. ಅದೇ ಹಳೆಯ 9 ವ್ಯಾಟ್ ಬಲ್ಬನ್ನು ಬಗ್ಗಿಸುವ ಕತ್ತಿನ ದೀಪಕ್ಕೆ ಹಾಕಿ ಅರ್ಧ ಮೀಟರ್ ದೂರಕ್ಕೆ ತಂದರೆ 400 ಲಕ್ಸ್. ಅದರ ಮೇಲೆ ಒಳಗೆ ಬಿಳಿ ಬಣ್ಣ ಇರುವ ತಗಡಿನ ಟೊಪ್ಪಿ ಕೂರಿಸಿದರೆ, ಸುಮ್ನೆ ಮೇಲಕ್ಕೂ ಪಕ್ಕಕ್ಕೂ ಹೋಗುತ್ತಿದ್ದ ಬೆಳಕು ಕೆಳಗೆ ಬಂದು ಆ 400 ಸುಲಭವಾಗಿ ಎರಡು ಪಟ್ಟಾಗುತ್ತದೆ. ಆ ಟೊಪ್ಪಿಯೇ ಬಲ್ಬನ್ನು ನಿಮ್ಮ ಕಣ್ಣಿನಿಂದ ಮರೆಮಾಡುತ್ತದೆ. ಕರೆಂಟ್ ಬಿಲ್ ಮಾತ್ರ ಹಾಗೇ ಇರುತ್ತದೆ.

ಹೀಗೆ ಮಾಡಿದವರು ಖುಷಿಯಲ್ಲಿ ಮೇಲಿನ ದೀಪ ಆರಿಸಿಬಿಡುತ್ತಾರೆ. ಬೇಡ. ಕೆಲಸದ ಮೇಲೆ ಪ್ರಖರ ಬೆಳಕು, ಸುತ್ತ ಕತ್ತಲೆ ಇದ್ದರೆ ಪ್ರತಿ ಸಲ ತಲೆ ಎತ್ತಿದಾಗ ಕಣ್ಣು ಹೊಂದಿಕೊಳ್ಳಬೇಕಾಗುತ್ತದೆ. ಹಳೆಯ ಕಣ್ಣು ನಿಧಾನವಾಗಿ ಹೊಂದಿಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಹಣೆ ನೋವು. ಕೋಣೆಯ ದೀಪವೂ ಇರಲಿ, ಗೋಡೆಗೆ ಸುಣ್ಣವೂ ಇರಲಿ. ಬಿಳಿ ಸುಣ್ಣದ ಗೋಡೆ ಬಿದ್ದ ಬೆಳಕಿನ ಬಹುಪಾಲನ್ನು ವಾಪಸ್ ಕೊಡುತ್ತದೆ. ಹೊಗೆ ಹಿಡಿದ ಗೋಡೆ ನುಂಗಿಬಿಡುತ್ತದೆ.

ಹಗಲು ಬೆಳಕಿನ ವಿಷಯಕ್ಕೆ ಬರುತ್ತೇನೆ. ಹೊರದೇಶದ ಮರಗೆಲಸದ ಪುಸ್ತಕಗಳಲ್ಲಿ ಉತ್ತರದ ಕಿಟಕಿಯನ್ನು ಬಹಳ ಹೊಗಳುತ್ತಾರೆ. ಅಲ್ಲಿಂದ ನೇರ ಬಿಸಿಲು ಬರುವುದಿಲ್ಲ, ಇಡೀ ದಿನ ಒಂದೇ ಸಮನೆ ಮೆತ್ತಗಿನ ಬೆಳಕು ಅಂತ. ಯುರೋಪಿಗೆ ಅದು ಸರಿ. ಸಾಗರ ಇರುವುದು 14 ಡಿಗ್ರಿ ಅಕ್ಷಾಂಶದ ಹತ್ತಿರ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೆ ಓರೆ ಬಿಸಿಲು ಬರುತ್ತದೆ. ಮೇ ತಿಂಗಳಲ್ಲಿ ಅದನ್ನೇ ನಂಬಿ ಕೂತರೆ ಕಣ್ಣು ಕುಕ್ಕುತ್ತದೆ. ಜೂನ್ ಬಂತೆಂದರೆ ಮಳೆ, ಆಗ ಯಾವ ದಿಕ್ಕಾದರೂ ಒಂದೇ.

ನಮ್ಮ ಮಲೆನಾಡಿನ ಮನೆಗಳ ತೊಂದರೆ ಬೇರೆ. ಮಳೆಗೆ ಹೆದರಿ ಸೂರನ್ನು ತಗ್ಗಿಸಿ ಕಟ್ಟಿರುತ್ತಾರೆ. ಕಿಟಕಿ ಇದ್ದರೂ ಆಕಾಶ ಕಾಣುವುದಿಲ್ಲ. ಆಕಾಶ ಕಾಣದ ಕಿಟಕಿಯಿಂದ ಬೆಳಕು ಬರುವುದು ಅಷ್ಟರಲ್ಲೇ ಇದೆ. ತಲೆಮಾರುಗಳಿಂದ ಕೆತ್ತನೆ ಮಾಡಿಕೊಂಡು ಬಂದ ಗುಡಿಗಾರರು ಜಗಲಿಯ ಅಂಚಿಗೆ ಬಂದು ಕೂತು ಕೆತ್ತುತ್ತಿದ್ದದ್ದು ಗಾಳಿಗೋಸ್ಕರ ಅಂತ ನನಗೆ ಅನ್ನಿಸುವುದಿಲ್ಲ. ಅಲ್ಲಿ ಮಾತ್ರ ಆಕಾಶದ ಒಂದು ತುಂಡು ಕಾಣುತ್ತಿತ್ತು. ಒಳಗೇ ಕೂರಬೇಕಾದವರಿಗೆ ಎಲ್ಲಕ್ಕಿಂತ ಅಗ್ಗದ ದಾರಿ ಗಾಜಿನ ಹೆಂಚು. ಕೂರುವ ಜಾಗದ ಮೇಲೆ, ಸ್ವಲ್ಪ ಎಡಕ್ಕೆ ಬರುವಂತೆ ಎರಡು ಹೆಂಚು ಬದಲಿಸಿದರೆ ಸಾಕು. ಬಿಸಿಲಿನ ಮಚ್ಚೆ ಕೆಲಸದ ಮೇಲೆ ಓಡಾಡುವುದು ಬೇಡ ಎಂದರೆ ಅದರ ಕೆಳಗೆ ತೆಳ್ಳಗಿನ ಬಿಳಿ ಬಟ್ಟೆ ಕಟ್ಟಿ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವಾಗ ಗಾಜಿನ ಮೇಲಿನ ಪಾಚಿ ತೊಳೆಯುವುದನ್ನು ಮರೆಯಬೇಡಿ.

ಈಗ ನನಗೆ ಇಷ್ಟವಾದ ಭಾಗ. ಬೆಳಕು ಎಷ್ಟು ಅನ್ನುವುದಕ್ಕಿಂತ ಎಲ್ಲಿಂದ ಅನ್ನುವುದು ಕೆತ್ತನೆಗೆ ಮುಖ್ಯ.

ಬೇಲೂರಿನಲ್ಲಿ ಗೈಡ್‌ಗಳು ಶಿಲ್ಪಗಳ ಮೇಲೆ ಟಾರ್ಚ್ ಬಿಟ್ಟು ತೋರಿಸುವುದನ್ನು ನೋಡಿರುತ್ತೀರಿ. ಜಾಣ ಗೈಡ್ ಎದುರಿನಿಂದ ಬಿಡುವುದಿಲ್ಲ. ಪಕ್ಕದಿಂದ, ಕಲ್ಲಿಗೆ ಹೆಚ್ಚುಕಡಿಮೆ ಒರಗಿಸಿ ಬಿಡುತ್ತಾನೆ. ಆಗ ಒಂದೊಂದು ಮಣಿಗೂ ಒಂದೊಂದು ನೆರಳು ಬಂದು ಸರ ಎದ್ದು ನಿಲ್ಲುತ್ತದೆ. ಎದುರಿನಿಂದ ಬಿಟ್ಟರೆ ಅದೇ ಸರ ಚಪ್ಪಟೆ.

ಗಂಧದ ಪೆಟ್ಟಿಗೆಯ ಮುಚ್ಚಳದ ಮೇಲೆ ಬಳ್ಳಿ ಕೆತ್ತುತ್ತಿದ್ದೀರಿ ಅಂದುಕೊಳ್ಳಿ. ಎಲೆಯ ನಡುವಿನ ನರ ತೆಗೆಯಬೇಕು. ಆ ಗೆರೆಯ ಆಳ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಮರವೂ ತಿಳಿ, ಗೆರೆಯೂ ಅದೇ ಬಣ್ಣ. ಅಲ್ಲಿ ನೀವು ನೋಡುತ್ತಿರುವುದು ಗೆರೆಯನ್ನಲ್ಲ, ಗೆರೆಯ ಒಂದು ದಡದ ನೆರಳನ್ನು. ದೀಪ ನೆತ್ತಿಯ ಮೇಲಿದ್ದರೆ ಆ ನೆರಳು ಇಲ್ಲ. ದೀಪವನ್ನು ಎಡಗಡೆ ಇಳಿಸಿ, ಮರದ ಮೇಲ್ಮೈಗೆ 20-30 ಡಿಗ್ರಿ ಓರೆಯಾಗಿ ಬೀಳುವಂತೆ ಇಟ್ಟರೆ ಅರ್ಧ ಮಿಲಿಮೀಟರ್ ಆಳಕ್ಕೆ ಒಂದು ಮಿಲಿಮೀಟರ್ ನೆರಳು ಬೀಳುತ್ತದೆ. ಗೆರೆ ಎರಡು ಪಟ್ಟಾಗಿ ಕಂಡ ಹಾಗೆ. ಇದನ್ನು ಯಾವ ಕನ್ನಡಕವೂ ಮಾಡಿಕೊಡುವುದಿಲ್ಲ.

ಬಲಗೈಯವರಿಗೆ ದೀಪ ಎಡಗಡೆ ಮುಂದೆ ಇರಲಿ, ಎಡಗೈಯವರಿಗೆ ಬಲಗಡೆ. ಇಲ್ಲದಿದ್ದರೆ ನಿಮ್ಮ ಕೈಯ ನೆರಳು ಸರಿಯಾಗಿ ಉಳಿಯ ತುದಿಯ ಮೇಲೇ ಬೀಳುತ್ತದೆ. ಓರೆ ಬೆಳಕು ಒಂದೇ ಇದ್ದರೂ ಕಷ್ಟ, ಆಳದ ಜಾಗಗಳು ಪೂರ್ತಿ ಕಪ್ಪಾಗುತ್ತವೆ. ಅದಕ್ಕೆ ಮೇಲಿನ ಮೆತ್ತಗಿನ ಬೆಳಕು ಜೊತೆಗೆ ಬೇಕು. ಆಗಾಗ ದೀಪವನ್ನು ಬಲಕ್ಕೂ ತಿರುಗಿಸಿ ನೋಡಿ. ಎಡದಿಂದ ನುಣುಪಾಗಿ ಕಂಡ ಕೆನ್ನೆಯಲ್ಲಿ ಬಲದಿಂದ ಉಳಿಯ ಗುರುತು ಕಾಣುತ್ತದೆ. ಸ್ಯಾಂಡ್‌ಪೇಪರ್ ಕೆಲಸ ಮುಗಿಯಿತು ಅನ್ನುವ ಮೊದಲು ಇಷ್ಟು ಮಾಡಿದರೆ ಪಾಲಿಶ್ ಆದ ಮೇಲೆ ಗೀರು ಕಂಡು ಬೈದುಕೊಳ್ಳುವುದು ತಪ್ಪುತ್ತದೆ.

ಬೀಟೆ ಮರದವರ ಕಷ್ಟ ಬೇರೆ. ಮೈಸೂರಿನ ಬೀಟೆ ಕೆತ್ತುಕೂಡಿಸುವ ಕೆಲಸದಲ್ಲಿ ಹಿಂದೆ ದಂತ ಬಳಸುತ್ತಿದ್ದರು. ಈಗ ಬೇರೆ ಬೇರೆ ಬಣ್ಣದ ಮರದ ಚೂರುಗಳು, ಪ್ಲಾಸ್ಟಿಕ್ ಬಳಸುತ್ತಾರೆ. ಕಪ್ಪು ಮಿಶ್ರಿತ ಕಂದು ಮರ ಬೆಳಕನ್ನು ನುಂಗುತ್ತದೆ. ಗಂಧಕ್ಕೆ ಸಾಕಾಗುವ ಬೆಳಕು ಬೀಟೆಗೆ ಸಾಲುವುದಿಲ್ಲ, ಸೀಸದ ಕಡ್ಡಿಯ ಗೆರೆ ಅಲ್ಲಿ ಕಾಣುವುದೇ ಇಲ್ಲ. ಬಿಳಿ ಪೆನ್ಸಿಲ್ ಬಳಸಿ, ಇಲ್ಲವೇ ಚಿತ್ರ ಬಿಡಿಸಿದ ಬಿಳಿ ಕಾಗದವನ್ನೇ ಅಂಟಿಸಿ ಅದರ ಮೇಲೆ ಕತ್ತರಿಸಿ. ಕೆಲಸದ ಕೆಳಗೆ ಹಾಸುವ ಬಟ್ಟೆಯನ್ನೂ ನೋಡಿಕೊಳ್ಳಿ. ಬೀಟೆಗೆ ತಿಳಿ ಬಣ್ಣದ ಬಟ್ಟೆ, ಗಂಧಕ್ಕೆ ಗಾಢ ಬಣ್ಣದ್ದು. ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದು ಆಗ ಹುಡುಕದೇ ಗೊತ್ತಾಗುತ್ತದೆ.

ಬಣ್ಣ ಹೊಂದಿಸುವವರು ಬಲ್ಬಿನ ಡಬ್ಬಿಯ ಮೇಲೆ ಎರಡು ಅಂಕಿ ನೋಡಬೇಕು. ಒಂದು ಕೆಲ್ವಿನ್. 2700 ಅಂದರೆ ಹಳದಿ, 6500 ಅಂದರೆ ನೀಲಿ ಬೆರೆತ ಬಿಳಿ. ನಮ್ಮ ಅಂಗಡಿಗಳಲ್ಲಿ ಕೇಳದೇ ಕೊಡುವುದು 6500. ನನ್ನ ಆಯ್ಕೆ 4000. ನೀಲಿ ಜಾಸ್ತಿ ಇರುವ ಬೆಳಕು ಹಳೆಯ ಮಸೂರದಲ್ಲಿ ಇನ್ನಷ್ಟು ಕಿರಿಕಿರಿ ಮಾಡುತ್ತದೆ ಅನ್ನುವುದು ನನ್ನ ಅನುಭವ. ನಿಮಗೆ 6500 ಹಿತವಾದರೆ ಜಗಳ ಇಲ್ಲ. ಇನ್ನೊಂದು ಅಂಕಿ ಸಿಆರ್‌ಐ. ಅದರಲ್ಲಿ ರಾಜಿ ಬೇಡ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ ಅದು, 100 ಪೂರ್ಣ. ಸಾಮಾನ್ಯ ಬಲ್ಬು 80. 90 ಮೇಲಿನದು ಹುಡುಕಿ. 80ರ ಬಲ್ಬು ಮುಖ್ಯವಾಗಿ ಕೆಂಪಿನಲ್ಲಿ ಮೋಸ ಮಾಡುತ್ತದೆ, ಬೀಟೆಯ ಅಂದವೆಲ್ಲ ಇರುವುದು ಅದರ ಕೆಂಪಿನಲ್ಲಿ.

ಚನ್ನಪಟ್ಟಣದ ಕಡೆಯವರು, ಲೇತ್ ಇಟ್ಟುಕೊಂಡವರು ಇದ್ದರೆ ಒಂದು ನಿಮಿಷ ಗಮನ ಕೊಡಿ. ಇದು ಕಣ್ಣಿನ ಮಾತಲ್ಲ, ಬೆರಳಿನ ಮಾತು. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಮತ್ತು ಹಳೆಯ ಚೋಕ್ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ನಾಲ್ಕು ಮೂಲೆಯ ಹಾಲೆ ಮರದ ತುಂಡೊಂದು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಅನ್ನಿ. ಸೆಕೆಂಡಿಗೆ 25 ಸುತ್ತು. ಒಂದು ಮಿನುಗಿನಿಂದ ಇನ್ನೊಂದಕ್ಕೆ ಸರಿಯಾಗಿ ಕಾಲು ಸುತ್ತು. ಪ್ರತಿ ಸಲ ಬೆಳಕು ಬಂದಾಗ ಒಂದು ಮೂಲೆ ಇದ್ದಲ್ಲಿ ಇನ್ನೊಂದು ಮೂಲೆ ಬಂದು ನಿಂತಿರುತ್ತದೆ. ತಿರುಗುತ್ತಿರುವ ಮರ ನಿಂತ ಹಾಗೆ ಕಾಣಬಹುದು! ಕೈ ಹಾಕಿದರೆ ಮುಗಿಯಿತು. ಫೋನಿನ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಇಟ್ಟು ದೀಪದ ಕಡೆ ಹಿಡಿಯಿರಿ. ದೀಪ ಬಡಿದುಕೊಳ್ಳುವುದು ಕಂಡರೆ ಅದನ್ನು ಲೇತ್ ಹತ್ತಿರ ಇಡಬೇಡಿ.

ಇನ್ನು ಕನ್ನಡಕ. ಅದನ್ನು ಬಿಡಿ ಅಂತ ನಾನು ಹೇಳಿಲ್ಲ, ಸರಿಯಾದ ದೂರಕ್ಕೆ ಮಾಡಿಸಿ ಅನ್ನುತ್ತಿದ್ದೇನೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕ ಹಿಡಿಯುವ ದೂರಕ್ಕೆ, ಸುಮಾರು 40 ಸೆಂಟಿಮೀಟರಿಗೆ ಕೊಡುತ್ತಾರೆ. ನೀವು ನೆಲದ ಮೇಲೆ ಕೂತು ಕಾಲಲ್ಲಿ ಮರ ಹಿಡಿದು ಕೆತ್ತುವವರಾದರೆ ದೂರ 50ಕ್ಕೂ ಜಾಸ್ತಿ ಇರಬಹುದು. ಕೈಯಲ್ಲಿ ಹಿಡಿದು ಕುಸುರಿ ಮಾಡುವವರಾದರೆ 25. ಕಣ್ಣಿನ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು? ಮನೆಯವರಿಂದ ಟೇಪಿನಲ್ಲಿ ಅಳೆಸಿಕೊಂಡು ಹೋಗಿ. ಕೆಲಸಕ್ಕೆ ಕೂರುವ ಭಂಗಿಯಲ್ಲೇ ಕೂತು, ಕಣ್ಣಿನಿಂದ ಉಳಿಯ ತುದಿಗೆ. ಆ ಅಂಕಿ ಹೇಳಿ, ಅದಕ್ಕೆ ಮಾತ್ರ ಒಂದು ಕನ್ನಡಕ ಮಾಡಿಸಿ. ಎಲ್ಲ ದೂರಕ್ಕೂ ಒಂದೇ ಅನ್ನುವ ಪ್ರೊಗ್ರೆಸ್ಸಿವ್ ಕನ್ನಡಕ ಪೇಟೆಗೆ ಹೋಗಲು ಚೆನ್ನಾಗಿದೆ. ಕೆಲಸಕ್ಕೆ ಕೂತಾಗ ಅದರ ಅಂಚಿನಲ್ಲಿ ನೇರ ಗೆರೆ ಬಾಗಿದ ಹಾಗೆ ಕಾಣುತ್ತದೆ. ಹತ್ತಿರದ ಭಾಗ ಕೆಳಗಿರುವುದರಿಂದ ಗದ್ದ ಎತ್ತಿ ಎತ್ತಿ ಕುತ್ತಿಗೆ ಹಿಡಿಯುತ್ತದೆ.

ತಲೆಗೆ ಕಟ್ಟುವ ಭೂತಗನ್ನಡಿ ಕೊಳ್ಳುವವರು 'ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ' ಎಂದು ಮಾತ್ರ ಕೇಳುತ್ತಾರೆ. ಎಷ್ಟು ದೂರದಲ್ಲಿ ಸ್ಪಷ್ಟ ಕಾಣುತ್ತದೆ ಎಂದು ಕೇಳಿ. ಆಪ್ಟಿವೈಸರ್ ಅನ್ನುವ ಹೆಸರುವಾಸಿ ಮಾದರಿಯಲ್ಲಿ 1.75 ಪಟ್ಟಿನದು 14 ಇಂಚಿನಲ್ಲಿ ಕಾಣುತ್ತದೆ. 2.5 ಪಟ್ಟಿನದು 8 ಇಂಚಿನಲ್ಲಿ. 3.5 ಪಟ್ಟಿನದು 4 ಇಂಚಿನಲ್ಲಿ. ನಾಲ್ಕು ಇಂಚಿನಲ್ಲಿ ಮುಖ ಇಟ್ಟು ಕೊಡತಿ ಬೀಸಲು ಆಗುತ್ತದಾ? ಕೆತ್ತನೆಗೆ 1.75 ಸಾಕು, ಬಹಳವೆಂದರೆ 2. ಅದಕ್ಕಿಂತ ಜಾಸ್ತಿಯಾದರೆ ಎಲೆಯ ತುದಿ ಸ್ಪಷ್ಟ, ಬುಡ ಮಸುಕು.

ಕಣ್ಣಿನ ಮೇಲಿನ ಭಾರ ಇಳಿಸುವ ಒಂದು ಹಳೆಯ ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಅಳತೆಯ ಗೆರೆಯನ್ನು ಪೆನ್ಸಿಲಿನ ಬದಲು ಚೂಪು ಚಾಕುವಿನಲ್ಲಿ ಎಳೆಯಿರಿ. ಉಳಿಯ ಬಾಯಿ ಆ ಸೀಳಿಗೆ ತಾನೇ ಕೂರುತ್ತದೆ, 'ಟಕ್' ಅಂತ ಕೈಗೆ ಗೊತ್ತಾಗುತ್ತದೆ. ಉಳಿ ಮಸೆದ ಮೇಲೆ ಬಾಯನ್ನು ಓರೆ ದೀಪದ ಕೆಳಗೆ ತಿರುಗಿಸಿ ನೋಡಿ. ಅಂಚಿನಲ್ಲಿ ಬಿಳಿ ಗೆರೆ ಮಿಂಚಿದರೆ ಮೊಂಡಾಗಿದೆ. ಏನೂ ಮಿಂಚದಿದ್ದರೆ ಚೂಪಾಗಿದೆ.

ದೀಪದಿಂದ ಪರಿಹಾರ ಆಗದೇ ಇರುವುದೂ ಇದೆ. ಒಂದು ಕಾರ್ಡಿಗೆ ಸೂಜಿಯಲ್ಲಿ ತೂತು ಮಾಡಿ, ಒಳ್ಳೆಯ ಬೆಳಕಿನಲ್ಲಿ ಅದರ ಮೂಲಕ ನೋಡಿ. ಚೂಪಾಗಿ ಕಂಡರೆ ಬಹುಮಟ್ಟಿಗೆ ಕನ್ನಡಕದ ಸಮಸ್ಯೆ. ಆಗಲೂ ಮಸುಕೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ದೀಪ ಜಾಸ್ತಿ ಮಾಡಿದಷ್ಟೂ ಮಸುಕಾಗುತ್ತಿದ್ದರೆ ಇನ್ನೂ ಬೇಗ ಹೋಗಿ. ಒಂದು ಬಗೆಯ ಪೊರೆ ಮಸೂರದ ನಡುವಿನಲ್ಲೇ ಕಟ್ಟುತ್ತದೆ. ಪಾಪೆ ಕಿರಿದಾದಾಗ ಆ ಪೊರೆಯ ಮೂಲಕವೇ ನೋಡಬೇಕಾಗುತ್ತದೆ. ಇನ್ನೊಂದು ವಿಚಿತ್ರ ಇದೆ. '70 ಆದ ಮೇಲೆ ನಮ್ಮಜ್ಜನಿಗೆ ಕಣ್ಣು ಮತ್ತೆ ಬಂತು, ಕನ್ನಡಕ ಇಲ್ಲದೇ ಪೇಪರ್ ಓದುತ್ತಿದ್ದರು' ಅಂತ ಹೆಮ್ಮೆಯಿಂದ ಹೇಳುತ್ತಾರಲ್ಲ, ಬಹಳ ಸಲ ಅದೂ ಪೊರೆಯ ಆರಂಭವೇ. ಮಸೂರ ದಪ್ಪಗಟ್ಟಿ ಹತ್ತಿರದ ನೋಟ ಸ್ವಲ್ಪ ದಿನ ಸುಧಾರಿಸಿದ ಹಾಗೆ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಬೇಕು.

ಪ್ರಶ್ನೆಗಳಿಗೆ ಬರೋಣ.

ಒಬ್ಬರು ಕೇಳಿದರು: ಹಣೆಗೆ ಕಟ್ಟುವ ಟಾರ್ಚ್ ಆಗುವುದಿಲ್ಲವಾ? ಕರೆಂಟ್ ಹೋದರೂ ಚಿಂತೆ ಇಲ್ಲ. ಆಗುತ್ತದೆ, ಆದರೆ ಬೇರೆ ಕೆಲಸಕ್ಕೆ. ಜಾಲರಿಯ ಹಿಂಬದಿ, ಮೂರ್ತಿಯ ಕೈ ಮತ್ತು ಮೈಯ ನಡುವಿನ ಸಂದಿ, ಇಂಥ ಕಡೆ ಅದೇ ಸರಿ. ಉಬ್ಬುಕೆತ್ತನೆಗೆ ಬೇಡ. ನೀವು ನೋಡುವ ದಿಕ್ಕಿನಿಂದಲೇ ಬೆಳಕು ಹೋಗುವುದರಿಂದ ನೆರಳು ನಿಮಗೆ ಕಾಣುವುದಿಲ್ಲ. ಕರೆಂಟ್ ಹೋದಾಗ ಆ ಟಾರ್ಚನ್ನೇ ಬಿಚ್ಚಿ ಎಡಗಡೆ ಒಂದು ಮರದ ತುಂಡಿನ ಮೇಲೆ ಇಡಿ.

ಸಂತೆಯಲ್ಲಿ ಸಿಗುವ ರೆಡಿಮೇಡ್ ಕನ್ನಡಕ? ಎರಡೂ ಕಣ್ಣಿಗೆ ಒಂದೇ ನಂಬರ್ ಇದ್ದು, ಅಡ್ಡ ನಂಬರ್ (ಚೀಟಿಯಲ್ಲಿ 'ಸಿಲಿಂಡರ್' ಅಂತ ಬರೆಯುವುದು) ಇಲ್ಲದಿದ್ದರೆ ತಾತ್ಕಾಲಿಕಕ್ಕೆ ನಡೆಯುತ್ತದೆ. ಚಕ್ಕೆ ಹಾರುವ ಕೆಲಸದಲ್ಲಿ ಅದನ್ನು ರಕ್ಷಣೆ ಅಂದುಕೊಳ್ಳಬೇಡಿ. ಪಕ್ಕ ತೆರೆದಿರುತ್ತದೆ.

ಕೊನೆಯ ಪ್ರಶ್ನೆ ಪೊರೆಯ ಆಪರೇಷನ್‌ಗೆ ದಿನ ಗೊತ್ತಾಗಿದ್ದ ಒಬ್ಬರದು. ಆಮೇಲೆ ಕೆತ್ತಬಹುದಾ ಅಂತ. ಡಾಕ್ಟರ್ ಹೇಳಿದಷ್ಟು ದಿನ ಬಿಟ್ಟು ಖಂಡಿತ ಕೆತ್ತಬಹುದು. ಹಳದಿ ಮಸೂರ ಹೋಗಿ ಬಣ್ಣಗಳು, ಅದರಲ್ಲೂ ನೀಲಿ, ಎದ್ದು ಕಾಣುತ್ತವೆ. ಆದರೆ ಆಪರೇಷನ್‌ಗೆ ಮುಂಚೆಯೇ ಒಂದು ಮಾತು ಆಡಿಕೊಳ್ಳಬೇಕು. ಒಳಗೆ ಕೂರಿಸುವ ಸಾಮಾನ್ಯ ಲೆನ್ಸನ್ನು ಹೆಚ್ಚಾಗಿ ದೂರದ ನೋಟಕ್ಕೆ ಲೆಕ್ಕಹಾಕುತ್ತಾರೆ, ಹತ್ತಿರಕ್ಕೆ ಕನ್ನಡಕ ಹಾಕಿಕೊಳ್ಳಿ ಅನ್ನುತ್ತಾರೆ. ದಿನದ ಎಂಟು ಗಂಟೆ ಹತ್ತಿರದ್ದನ್ನೇ ನೋಡುವವರಿಗೆ ಬೇರೆ ಲೆಕ್ಕ ಹಾಕಲು ಸಾಧ್ಯವಿದೆ. ಅದು ನಿಮಗೆ ಒಗ್ಗುತ್ತದೋ ಇಲ್ಲವೋ ಡಾಕ್ಟರೇ ನೋಡಿ ಹೇಳಬೇಕು. ನೀವು ಹೋಗುವಾಗ ಆ ಟೇಪಿನ ಅಂಕಿ ಬರೆದ ಚೀಟಿ ಮತ್ತು ಕೆತ್ತುತ್ತಿರುವ ಒಂದು ತುಂಡು ಕೈಯಲ್ಲಿ ಹಿಡಿದುಕೊಂಡು ಹೋಗಿ. ಉಳಿ ಬೇಡ, ಗೇಟಿನಲ್ಲೇ ತಡೆಯುತ್ತಾರೆ.